ಸಭೆ ಎಲ್ಲಿದೆ ಅಂತ ಕೇಳುವ ಆ ಮೊದಲ ಫೋನು

(ಈಚೆಗೆ ನಮ್ಮ ತಾಲ್ಲೂಕು ಕೇಂದ್ರದ ಗ್ರಂಥಾಲಯದಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬಂದವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ ಇದ್ದೀರಿ. ಕುಡಿತದ ವಿಷಯ ಅಂದರೆ ಹೀಗೇ. ಕುಡಿಯುವವರಿಗಿಂತ ಮೊದಲು ಅವರ ಮನೆಯವರು ಬರುತ್ತಾರೆ. ಬಂದಿದ್ದು ಒಳ್ಳೆಯದಾಯಿತು.

ನಾನು ವ್ಯಸನ ಬಿಡಿಸುವ ವಿಭಾಗದಲ್ಲಿ ಆಪ್ತ ಸಮಾಲೋಚನೆ ಮಾಡುವವಳು. ಬಿಡಬೇಕು ಅಂತ ಒಂದು ಸಲವೂ ಅಂದುಕೊಳ್ಳದ ಕುಡುಕರನ್ನು ನಾನು ನೋಡಿದ್ದು ಬಹಳ ಕಡಿಮೆ. ಧರ್ಮಸ್ಥಳಕ್ಕೆ ಹೋಗಿ ಆಣೆ ಮಾಡಿರುತ್ತಾರೆ. ಮಗಳ ತಲೆ ಮುಟ್ಟಿ ಮಾತು ಕೊಟ್ಟಿರುತ್ತಾರೆ. ಇನ್ನು ಅಯ್ಯಪ್ಪನ ಮಾಲೆಯ ವಿಷಯವಂತೂ ನಿಮಗೆಲ್ಲ ಗೊತ್ತೇ ಇದೆ. ವರ್ಷವಿಡೀ ತೂರಾಡಿಕೊಂಡು ಬರುತ್ತಿದ್ದ ಮನುಷ್ಯ ಮಾಲೆ ಹಾಕಿದ ದಿನದಿಂದ ಬೆಳಗಿನ ಜಾವ ಎದ್ದು ತಣ್ಣೀರು ಸ್ನಾನ ಮಾಡುತ್ತಾನೆ, ಕಪ್ಪು ಪಂಚೆ ಉಟ್ಟು ಬರಿಗಾಲಲ್ಲಿ ನಡೆಯುತ್ತಾನೆ. 48 ದಿನ ಒಂದು ಹನಿ ಮುಟ್ಟುವುದಿಲ್ಲ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ಸಂಜೆಯೇ ಬಾರಿನಲ್ಲಿ ಇರುತ್ತಾನೆ. 'ದೇವರಿಗಾಗಿ ಬಿಟ್ಟವನಿಗೆ ನಮಗಾಗಿ ಬಿಡೋಕೆ ಆಗಲ್ವಾ?' ಅಂತ ಹೆಂಡತಿ ಅಳುತ್ತಾಳೆ.

ಆ ಪ್ರಶ್ನೆಯನ್ನು ನಾನು ಬೇರೆ ಥರ ಕೇಳಿಕೊಂಡಿದ್ದೇನೆ. ಆ 48 ದಿನ ಅವನ ಜೊತೆ ಯಾರಿದ್ದರು? ಗುರುಸ್ವಾಮಿ ಇದ್ದರು. ಸಂಜೆಯಾದರೆ ಭಜನೆಗೆ ಸೇರುವ ಹತ್ತು ಜನ ಇದ್ದರು. ಅವರೂ ಮಾಲೆ ಹಾಕಿದವರೇ, ಅವರಲ್ಲೂ ಕೆಲವರು ನಿನ್ನೆ ಮೊನ್ನೆವರೆಗೆ ಕುಡಿಯುತ್ತಿದ್ದವರೇ. ಕುಡಿಯುವ ಹೊತ್ತಿಗೆ ಹೋಗುವುದಕ್ಕೆ ಒಂದು ಜಾಗ ಇತ್ತು. ಊರಿನವರು 'ಸ್ವಾಮಿ' ಅಂತ ಕರೆಯುತ್ತಿದ್ದರು. 49ನೇ ದಿನ ಆ ಹತ್ತು ಜನ ಚದುರಿಹೋದರು. ಸಂಜೆ ಆರೂವರೆ ಮಾತ್ರ ಅಲ್ಲೇ ಉಳಿಯಿತು. ಅವನ ಭಕ್ತಿ ಸುಳ್ಳಲ್ಲ, ಹೆಂಡತಿ ಮೇಲಿನ ಪ್ರೀತಿ ಕಡಿಮೆಯೂ ಅಲ್ಲ. ಅವನಿಗೆ ಇಲ್ಲವಾಗಿದ್ದು ಜೊತೆ.

ಆ ಜೊತೆಯನ್ನು 49ನೇ ದಿನಕ್ಕೂ, ಐದನೇ ವರ್ಷಕ್ಕೂ ಎಲ್ಲಿಂದ ತರುವುದು ಅನ್ನುವುದೇ ಇವತ್ತಿನ ಮಾತು. ಬಿಟ್ಟವರು ಬಿಟ್ಟವರ ಜೊತೆ, ಬಿಡಬೇಕು ಅನ್ನುವವರ ಜೊತೆ ಕೂರುವ ಸಭೆಗಳಿವೆ. ಅದರಲ್ಲಿ ಜಗತ್ತಿನಲ್ಲಿ ಹೆಚ್ಚು ಹರಡಿರುವುದು ಆಲ್ಕೊಹಾಲಿಕ್ಸ್ ಅನಾನಿಮಸ್. ಎಲ್ಲರೂ ಎ.ಎ. ಅಂತಾರೆ.

ಎಷ್ಟು ಜನಕ್ಕೆ ಇದು ಬೇಕು ಅಂತ ನೋಡಿ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಮಾಡಿದ ರಾಷ್ಟ್ರೀಯ ಸಮೀಕ್ಷೆ 2019ರಲ್ಲಿ ಹೊರಬಂತು. ದೇಶದಲ್ಲಿ ಸುಮಾರು 16 ಕೋಟಿ ಜನ ಕುಡಿಯುತ್ತಾರೆ. ಅವರಲ್ಲಿ 5.7 ಕೋಟಿ ಜನಕ್ಕೆ ಕುಡಿತದಿಂದ ತೊಂದರೆಯಾಗಿ ಸಹಾಯ ಬೇಕಾಗಿದೆ. ಚಟ ಪೂರ್ತಿ ಅಂಟಿಕೊಂಡವರಲ್ಲಿ 38 ಜನಕ್ಕೆ ಒಬ್ಬರಿಗೆ ಮಾತ್ರ ಯಾವುದಾದರೂ ಥರದ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನ ಎಲ್ಲಿದ್ದಾರೆ? ನಮ್ಮ ನಿಮ್ಮ ಮನೆಗಳಲ್ಲೇ ಇದ್ದಾರೆ.

ಈಗ ಎ.ಎ. ಹೇಗೆ ಶುರುವಾಯಿತು ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲ ಫೋನು ಮಾಡುವುದಕ್ಕೆ ನಾಚಿಕೊಳ್ಳುವವರು ಈ ಕಥೆ ಕೇಳಲೇಬೇಕು.

1935ನೇ ಇಸವಿ, ಮೇ ತಿಂಗಳು. ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ಊರು. ನ್ಯೂಯಾರ್ಕಿನ ಷೇರು ವ್ಯವಹಾರದ ಮನುಷ್ಯ ಬಿಲ್ ವಿಲ್ಸನ್ ಅಲ್ಲಿಗೆ ಒಂದು ಕೆಲಸಕ್ಕೆ ಬಂದಿದ್ದ. ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ಬಂದ ಕೆಲಸ ಕೆಟ್ಟಿತು. ಕೈಯಲ್ಲಿ ದುಡ್ಡಿಲ್ಲ, ಗೊತ್ತಿಲ್ಲದ ಊರು, ಶನಿವಾರದ ಸಂಜೆ. ಮೇಫ್ಲವರ್ ಅನ್ನುವ ಹೋಟೆಲಿನ ಲಾಬಿಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದ. ಒಂದು ಕಡೆ ಬಾರು, ಒಳಗಿಂದ ಜನರ ನಗು ಕೇಳಿಸುತ್ತಿದೆ. ಇನ್ನೊಂದು ಕಡೆ ಟೆಲಿಫೋನು, ಪಕ್ಕದಲ್ಲಿ ಊರಿನ ಚರ್ಚುಗಳ ಪಟ್ಟಿ. ಅವನು ಫೋನಿನ ಕಡೆ ಹೋದ. ಪಾದ್ರಿಯೊಬ್ಬರಿಗೆ ಫೋನು ಮಾಡಿ, ತಾನು ಮಾತಾಡಿಸಬಹುದಾದ ಯಾರಾದರೂ ಕುಡುಕರು ಈ ಊರಲ್ಲಿ ಇದ್ದಾರಾ ಅಂತ ಕೇಳಿದ.

ಗಮನಿಸಿ. ಅವನು ಡಾಕ್ಟರನ್ನು ಕೇಳಲಿಲ್ಲ, ತನ್ನನ್ನು ಕಾಪಾಡುವವರನ್ನು ಕೇಳಲಿಲ್ಲ. ಇನ್ನೂ ಕುಡಿಯುತ್ತಿರುವ ಒಬ್ಬನನ್ನು ಕೇಳಿದ. ಅಷ್ಟು ತಿಂಗಳಲ್ಲಿ ಅವನಿಗೆ ಒಂದು ವಿಷಯ ತಿಳಿದಿತ್ತು. ಅವನು ಎಷ್ಟೋ ಕುಡುಕರಿಗೆ ಬುದ್ಧಿ ಹೇಳಿದ್ದ, ಅವರಲ್ಲಿ ಯಾರೂ ಬಿಟ್ಟಿರಲಿಲ್ಲ. ಆದರೆ ಹೇಳುತ್ತಾ ಹೇಳುತ್ತಾ ಅವನು ಕುಡಿಯದೇ ಉಳಿದಿದ್ದ.

ಫೋನಿನಿಂದ ಫೋನಿಗೆ ದಾಟಿ ಕೊನೆಗೆ ಹೆನ್ರಿಯೆಟ್ಟಾ ಸೈಬರ್ಲಿಂಗ್ ಅನ್ನುವ ಹೆಣ್ಣುಮಗಳ ಮನೆ ಸಿಕ್ಕಿತು. ಆಕೆಗೆ ಕುಡಿತದಲ್ಲಿ ಮುಳುಗಿದ್ದ ಶಸ್ತ್ರವೈದ್ಯ ಬಾಬ್ ಸ್ಮಿತ್ ಪರಿಚಯ. ಮರುದಿನ ಭಾನುವಾರ, ಮೇ 12, ಇಬ್ಬರನ್ನೂ ತನ್ನ ಮನೆಯಲ್ಲಿ ಕೂಡಿಸಿದಳು. ಬರುವಾಗ ಡಾಕ್ಟರ್ ಬಾಬ್, ಕಾಲು ಗಂಟೆ ಮಾತ್ರ ಇರುತ್ತೇನೆ ಅಂತ ಹೆಂಡತಿ ಹತ್ತಿರ ಷರತ್ತು ಹಾಕಿದ್ದ. ಸಂಜೆ ಐದಕ್ಕೆ ಕೂತವರು ಎದ್ದಾಗ ರಾತ್ರಿ ಹನ್ನೊಂದು ದಾಟಿತ್ತು. ಬಿಲ್ ಅವನಿಗೆ ಉಪದೇಶ ಮಾಡಲಿಲ್ಲ. ತನ್ನ ಕಥೆ ಹೇಳಿಕೊಂಡ ಅಷ್ಟೇ. ಕುಡಿತದ ಬಗ್ಗೆ ಸ್ವಂತ ಅನುಭವದಿಂದ ತಿಳಿದು ತನ್ನ ಹತ್ತಿರ ಮಾತಾಡಿದ ಮೊದಲ ಮನುಷ್ಯ ಅವನು ಅಂತ ಡಾಕ್ಟರ್ ಆಮೇಲೆ ಬರೆದುಕೊಂಡಿದ್ದಾರೆ.

ಆ ಒಂದು ಸಂಜೆಗೇ ಬಾಬ್ ಬಿಟ್ಟುಬಿಟ್ಟ ಅಂದುಕೊಳ್ಳಬೇಡಿ. ಮಧ್ಯೆ ಒಂದು ವೈದ್ಯರ ಸಮ್ಮೇಳನಕ್ಕೆ ಹೋಗಿ ಮತ್ತೆ ಕಂಠಮಟ್ಟ ಕುಡಿದು ಬಂದ. ಅವನು ಕೊನೆಯ ಸಲ ಕುಡಿದಿದ್ದು ಜೂನ್ 10ರಂದು. ಆ ದಿನವನ್ನೇ ಎ.ಎ. ಹುಟ್ಟಿದ ದಿನ ಅನ್ನುತ್ತಾರೆ. ಇಬ್ಬರೂ ಸೇರಿ ಮೂರನೆಯವನನ್ನು ಹುಡುಕಿಕೊಂಡು ಊರಿನ ಆಸ್ಪತ್ರೆಗೆ ಹೋದರು. ಅಲ್ಲಿ ಒಬ್ಬ ವಕೀಲ ಮಲಗಿದ್ದ. ಹೀಗೆ ಒಬ್ಬರಿಂದ ಒಬ್ಬರಿಗೆ ದಾಟಿ, 1957ರಲ್ಲಿ ನಮ್ಮ ಮುಂಬೈಗೂ ಬಂತು.

ಇಷ್ಟು ಉದ್ದ ಯಾಕೆ ಹೇಳಿದೆ ಗೊತ್ತಾ? ನನ್ನ ಹತ್ತಿರ ಬರುವವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: 'ಮೇಡಂ, ಗುರುತು ಪರಿಚಯ ಇಲ್ಲದವರಿಗೆ ಫೋನು ಮಾಡಿ ಏನಂತ ತೊಂದರೆ ಕೊಡಲಿ?' ನೀವು ಫೋನು ಮಾಡಿದರೆ ಆ ಕಡೆಯವರಿಗೆ ತೊಂದರೆ ಅಲ್ಲವೇ ಅಲ್ಲ. ಅವರು ಹತ್ತು ವರ್ಷದ ಹಿಂದೆ ಬಿಟ್ಟವರಾದರೂ, ಇವತ್ತು ಕುಡಿಯದೇ ಇರುವುದಕ್ಕೆ ಹೊಸಬರೊಬ್ಬರ ಜೊತೆ ಮಾತಾಡುವುದು ಅವರಿಗೂ ಬೇಕು. ಆ ವ್ಯವಸ್ಥೆ ನಿಂತಿರುವುದೇ ಇದರ ಮೇಲೆ. ಅಲ್ಲಿ ಫೀಸು ಇಲ್ಲದಿರುವುದಕ್ಕೂ ಇದೇ ಕಾರಣ.

ಸರಿ, ಸಭೆ ಹುಡುಕುವುದು ಹೇಗೆ?

ಅದಕ್ಕೆ ಮೊದಲು ಒಂದು ಎಚ್ಚರಿಕೆ. ಇದನ್ನು ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಹೇಳಿ. ಬೆಳಗ್ಗೆ ಎದ್ದ ಕೂಡಲೇ ಕೈ ನಡುಗುವವರು, ಒಂದು ಗುಟುಕು ಒಳಗೆ ಹೋದಮೇಲೆ ನಡುಕ ನಿಲ್ಲುವವರು, ಹಠಕ್ಕೆ ಬಿದ್ದು ಮನೆಯಲ್ಲಿ ಒಂದೇ ಸಲ ನಿಲ್ಲಿಸಬಾರದು. ನಿಲ್ಲಿಸಿದ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನ ಆದಮೇಲೆ ಕೆಲವರಿಗೆ ಮಾತು ದಿಕ್ಕು ತಪ್ಪುತ್ತದೆ, ಗೋಡೆ ಮೇಲೆ ಇಲ್ಲದ ಹುಳ ಹರಿದಾಡಿದ ಹಾಗೆ ಕಾಣುತ್ತದೆ, ಮೈ ಬೆವರಿ ಜ್ವರ ಏರುತ್ತದೆ. ಗಾಳಿ ಸೋಕಿದೆ ಅಂತ ಮಂತ್ರ ಹಾಕಿಸಲು ಕರೆದುಕೊಂಡು ಹೋಗುತ್ತಾರೆ. ಅದು ಗಾಳಿಯಲ್ಲ, ಡಿಲೀರಿಯಂ. ಪ್ರಾಣ ಹೋಗಬಹುದು. ಆಸ್ಪತ್ರೆಯಲ್ಲಿ ಕೆಲವು ದಿನ ಮಾತ್ರೆ, ಬಿ1 ವಿಟಮಿನ್ ಕೊಟ್ಟು ಈ ಹೊತ್ತನ್ನು ಸುರಕ್ಷಿತವಾಗಿ ದಾಟಿಸುತ್ತಾರೆ. ಸಭೆಗಳು ಬಹಳ ಮಾಡುತ್ತವೆ, ಆದರೆ ಫಿಟ್ಸ್ ತಡೆಯುವುದಿಲ್ಲ.

ಹಾಗಾಗಿ ಎಷ್ಟೋ ಜನಕ್ಕೆ ದಾರಿ ಶುರುವಾಗುವುದು ಆಸ್ಪತ್ರೆಯಿಂದಲೇ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗಬಹುದು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುವ ಏರ್ಪಾಡೂ ಇದೆ, ವಿಚಾರಿಸಿಕೊಂಡು ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ಕೇಂದ್ರ ಇದೆ. ಅಲ್ಲಿನ ಡಾಕ್ಟರ್, ಸಮಾಜ ಕಾರ್ಯಕರ್ತರ ಹತ್ತಿರ ಮಾತ್ರೆ ಚೀಟಿ ತೆಗೆದುಕೊಂಡು ಸುಮ್ನೆ ಎದ್ದು ಬರಬೇಡಿ. 'ಹತ್ತಿರದಲ್ಲಿ ಎ.ಎ. ಸಭೆ ಎಲ್ಲಿ ನಡೆಯುತ್ತೆ, ಯಾರನ್ನಾದರೂ ಮಾತಾಡಿಸಬಹುದಾ?' ಅಂತ ಬಾಯಿಬಿಟ್ಟು ಕೇಳಿ. ಕೆಲವು ಕೇಂದ್ರಗಳಿಗೆ ಎ.ಎ. ಸದಸ್ಯರೇ ಬಂದು ಮಾತಾಡುವ ರೂಢಿ ಇರುತ್ತದೆ. ಆಸ್ಪತ್ರೆಯಲ್ಲಿ ಇರುವಾಗಲೇ ಒಬ್ಬರ ಮುಖ ಪರಿಚಯ ಆಗಿಬಿಟ್ಟರೆ, ಡಿಸ್ಚಾರ್ಜ್ ಆದ ಸಂಜೆ ಸಭೆಗೆ ಹೋಗುವುದು ಅರ್ಧದಷ್ಟು ಸುಲಭ.

ಆಸ್ಪತ್ರೆಯ ಅಗತ್ಯ ಇಲ್ಲದವರು ನೇರವಾಗಿ ಎ.ಎ.ಯನ್ನೇ ಕೇಳಬಹುದು. ಭಾರತದ ಕಚೇರಿ ಮುಂಬೈಯಲ್ಲಿದೆ. ಅವರ ವೆಬ್‌ಸೈಟಿನಲ್ಲಿ ಸಹಾಯವಾಣಿ ಸಿಗುತ್ತದೆ. ಫೋನು ಮಾಡಿ ನಿಮ್ಮ ಊರು ಹೇಳಿ, ಹತ್ತಿರದ ಗುಂಪು ಯಾವುದು ಅಂತ ಕೇಳಿ. ಕನ್ನಡದಲ್ಲಿ ನಡೆಯುವುದೇ ಬೇಕು ಅಂದರೆ ಅದನ್ನೂ ಹೇಳಿ. ಬೆಂಗಳೂರಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಹೀಗೆ ಬೇರೆ ಬೇರೆ ಭಾಷೆಯ ಗುಂಪುಗಳಿವೆ. ಭಾಷೆ ಸಣ್ಣ ವಿಷಯ ಅಂದುಕೊಳ್ಳಬೇಡಿ. ಮನೆಯಲ್ಲಿ ಜಗಳ ಆಡುವ ಭಾಷೆಯಲ್ಲೇ ಮನಸ್ಸು ಬಿಚ್ಚಲು ಆಗುವುದು. ಸರ್ಕಾರದ ಉಚಿತ ಸಂಖ್ಯೆಗಳೂ ಇವೆ. ಚಟ ಬಿಡಿಸುವ ವಿಷಯಕ್ಕೆ 14446. ಮನಸ್ಸಿನ ಯಾವುದೇ ಕಷ್ಟಕ್ಕೆ ಟೆಲಿ ಮಾನಸ್, 14416. ಕನ್ನಡದಲ್ಲೇ ಮಾತಾಡುತ್ತಾರೆ.

ವಿಳಾಸ ಸಿಕ್ಕಿದ ಮೇಲೆ ಹೊರಡುವ ದಿನ ಬೆಳಗ್ಗೆ ಇನ್ನೊಂದು ಸಲ ಫೋನು ಮಾಡಿ ಖಾತ್ರಿ ಮಾಡಿಕೊಳ್ಳಿ. ಸಭೆಗಳು ಸಾಮಾನ್ಯವಾಗಿ ಯಾವುದೋ ಶಾಲೆಯ ಕೋಣೆಯಲ್ಲಿ, ಚರ್ಚಿನ ಹಾಲಿನಲ್ಲಿ ನಡೆಯುತ್ತವೆ. ಶಾಲೆಗೆ ಪರೀಕ್ಷೆ ಬಂದರೆ ಜಾಗ ಬದಲಾಗುತ್ತದೆ. ಧೈರ್ಯ ಮಾಡಿ ಹೋದವರು ಬೀಗ ನೋಡಿ ವಾಪಸ್ ಬಂದರೆ ಮತ್ತೆ ಹೋಗುವುದು ಕಷ್ಟ. ಫೋನಿನಲ್ಲೇ 'ಗೇಟಿನ ಹತ್ತಿರ ಯಾರಾದರೂ ಸಿಗ್ತೀರಾ?' ಅಂತಲೂ ಕೇಳಿ. ಸಂತೋಷವಾಗಿ ಬರುತ್ತಾರೆ.

ಇನ್ನು ಒಳಗೆ ಏನಿರುತ್ತದೆ? ಸಭೆಗಳಲ್ಲಿ ಎರಡು ಥರ. ಮುಕ್ತ ಸಭೆಗೆ ಯಾರು ಬೇಕಾದರೂ ಹೋಗಬಹುದು, ಮನೆಯವರೂ ಹೋಗಬಹುದು. ಇನ್ನೊಂದು ಕುಡಿತ ಬಿಡಬೇಕು ಅನ್ನುವವರಿಗೆ ಮಾತ್ರ. ನಾನು ಹೋಗಿರುವುದು ಮುಕ್ತ ಸಭೆಗಳಿಗೆ. ಅಲ್ಲಿ ಕೇಳಿದ ಯಾರ ಕಥೆಯನ್ನೂ ಇಲ್ಲಿ ಹೇಳುವಂತಿಲ್ಲ, ಹೇಳುವುದೂ ಇಲ್ಲ. ಕೋಣೆ ಹೇಗಿರುತ್ತದೆ ಅಂತ ಹೇಳಬಹುದು.

ಪ್ಲಾಸ್ಟಿಕ್ ಕುರ್ಚಿಗಳು. ಗೋಡೆಗೆ ತೂಗುಹಾಕಿದ ಎರಡು ಬಟ್ಟೆಯ ಬ್ಯಾನರು, ಅದರಲ್ಲಿ ಕುಡಿತ ಬಿಟ್ಟು ಬದುಕಲು ಸದಸ್ಯರು ಅನುಸರಿಸುವ ಹನ್ನೆರಡು ಹೆಜ್ಜೆಗಳು, ಗುಂಪು ನಡೆಸಲು ಅನುಸರಿಸುವ ಹನ್ನೆರಡು ಸಂಪ್ರದಾಯಗಳು. ಸಭೆ ಮುಗಿದ ಮೇಲೆ ಸುತ್ತಿ ಬೀರುವಿನಲ್ಲಿ ಇಡುತ್ತಾರೆ. ಒಂದು ಮೇಜು, ಕೆಲವು ಪುಸ್ತಕ. ಮುಂದೆ ಕೂತವರು ಅಧಿಕಾರಿಯೂ ಅಲ್ಲ, ಸ್ವಾಮೀಜಿಯೂ ಅಲ್ಲ, ಆ ದಿನ ಸಭೆ ನಡೆಸುವ ಪಾಳಿ ಅವರದು. ಹಾಜರಿ ಪುಸ್ತಕ ಇಲ್ಲ. ಆಧಾರ್ ಕಾರ್ಡ್ ಕೇಳುವುದಿಲ್ಲ. ಪೂರ್ತಿ ಹೆಸರು ಹೇಳಬೇಕಾಗಿಲ್ಲ. ಸದಸ್ಯರಾಗಲು ಬೇಕಾದ್ದು ಕುಡಿತ ಬಿಡುವ ಆಸೆ ಮಾತ್ರ. ಒಬ್ಬೊಬ್ಬರಾಗಿ ಎದ್ದು ಹೆಸರು ಹೇಳಿ, 'ನಾನೊಬ್ಬ ಮದ್ಯವ್ಯಸನಿ' ಅಂತ ಶುರು ಮಾಡುತ್ತಾರೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವುದಿಲ್ಲ, ಸಲಹೆ ಕೊಡುವುದಿಲ್ಲ. ಮಾತಾಡಿದವರಿಗೆ ಚಪ್ಪಾಳೆ. ನೀವು ಮಾತಾಡಲೇಬೇಕು ಅಂತಿಲ್ಲ. 'ಇವತ್ತು ಕೇಳ್ತೀನಿ' ಅಂದರೆ ಸಾಕು. ಕೊನೆಗೆ ಒಂದು ಡಬ್ಬಿ ಸುತ್ತು ಬರುತ್ತದೆ. ಹೊಸಬರು ಹಾಕಬೇಕಾಗಿಲ್ಲ. ಹೊರಗಿನವರ ದೇಣಿಗೆಯನ್ನು ಅವರು ತೆಗೆದುಕೊಳ್ಳುವುದೇ ಇಲ್ಲ, ಎಷ್ಟು ದೊಡ್ಡ ಶ್ರೀಮಂತರು ಕೊಟ್ಟರೂ.

ನನ್ನ ಲೆಕ್ಕದಲ್ಲಿ ಸಭೆಯ ಅತಿ ಮುಖ್ಯ ಭಾಗ ಅದು ಮುಗಿದ ಮೇಲಿನದು. ಬಾಗಿಲಲ್ಲಿ ಟೀ ಕುಡಿಯುತ್ತಾ ನಿಲ್ಲುತ್ತಾರಲ್ಲ, ಆ ಹತ್ತು ನಿಮಿಷ. ಅಲ್ಲೇ ಫೋನ್ ನಂಬರ್ ಸಿಗುವುದು. 'ರಾತ್ರಿ ಆಸೆಯಾದರೆ ಕುಡಿಯುವ ಮೊದಲು ಫೋನು ಮಾಡು' ಅಂತ ಯಾರೋ ಹೇಳುವುದು ಅಲ್ಲೇ. ಮೊದಲ ದಿನ ನಾಚಿಕೆಯಿಂದ ಸಭೆ ಮುಗಿಯುತ್ತಿದ್ದ ಹಾಗೇ ಚಪ್ಪಲಿ ಹಾಕಿಕೊಂಡು ಓಡುವವರು ಈ ಹತ್ತು ನಿಮಿಷ ಕಳೆದುಕೊಳ್ಳುತ್ತಾರೆ. ದಯವಿಟ್ಟು ನಿಲ್ಲಿ. ಮುಂದೆ ಅವರಲ್ಲೇ ಒಬ್ಬರು ನಿಮ್ಮ ಸ್ಪಾನ್ಸರ್ ಆಗಬಹುದು, ಅಂದರೆ ಕೈಹಿಡಿದು ಜೊತೆಗೆ ನಡೆಸುವ ಹಿರಿಯರು.

ಮೊದಲ ಸಭೆ ಇಷ್ಟವಾಗದೇ ಹೋಗಬಹುದು. ಒಂದು ಗುಂಪಿನಲ್ಲಿ ಎಲ್ಲರೂ ವಯಸ್ಸಾದವರು, ಇನ್ನೊಂದರಲ್ಲಿ ಬರೀ ಇಂಗ್ಲಿಷು. ಒಂದು ಸಭೆ ನೋಡಿ 'ಇದು ನನಗಲ್ಲ' ಅನ್ನಬೇಡಿ. ಬೇರೆ ಬೇರೆ ಗುಂಪಿಗೆ ಹೋಗಿ ನೋಡಿ, ಆಮೇಲೆ ತೀರ್ಮಾನ ಮಾಡಿ. ಆದರೆ ಯಾರಾದರೂ ದುಡ್ಡು ಕೇಳಿದರೆ, ಡಾಕ್ಟರ್ ಕೊಟ್ಟ ಮಾತ್ರೆ ಬಿಡು ಅಂದರೆ, ಅಲ್ಲಿಂದ ಎದ್ದು ಬನ್ನಿ. ಸದಸ್ಯರು ಡಾಕ್ಟರ ಕೆಲಸ ಮಾಡಬಾರದು ಅಂತ ಎ.ಎ.ಯೇ ಹೇಳುತ್ತದೆ. ಹೆಣ್ಣುಮಕ್ಕಳು ಫೋನಿನಲ್ಲೇ ಮಹಿಳಾ ಸದಸ್ಯರ ಜೊತೆ ಮಾತಾಡಬೇಕು ಅಂತ ಕೇಳಿ. ಸ್ಪಾನ್ಸರ್ ಕೂಡ ಹೆಣ್ಣುಮಕ್ಕಳಿಗೆ ಹೆಣ್ಣುಮಕ್ಕಳೇ ಆಗುವುದು ರೂಢಿ. ಕುಡಿಯುವ ಹೆಂಗಸಿಗೆ ನಮ್ಮಲ್ಲಿ ಬೈಗುಳ ಜಾಸ್ತಿ, ಸಹಾಯ ಕಡಿಮೆ. ನೋವಾಗುತ್ತದೆ ನನಗೆ ಅದನ್ನು ನೋಡಿದಾಗ.

ನಮ್ಮ ಹಳ್ಳಿಗಳಲ್ಲಿ ಎ.ಎ. ಸಭೆ ಇಲ್ಲದ ಕಡೆ ಇನ್ನೊಂದು ದಾರಿ ಇದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರ ಮಾಡುತ್ತಾರೆ. ಎಂಟು ದಿನದ ಶಿಬಿರ. ಅದು ಎಲ್ಲರಿಗೂ ಗೊತ್ತು. ಶಿಬಿರ ಮುಗಿದ ಮೇಲೆ ಬಿಟ್ಟವರನ್ನೆಲ್ಲ ಸೇರಿಸಿ ನವಜೀವನ ಸಮಿತಿ ಅಂತ ಕಟ್ಟುತ್ತಾರೆ. ನನ್ನ ಪ್ರಕಾರ ಎಂಟು ದಿನಕ್ಕಿಂತ ಆ ಸಮಿತಿಯೇ ದೊಡ್ಡದು. ಶಿಬಿರಕ್ಕೆ ಕಳಿಸಿ, ಫೋಟೋ ತೆಗೆಸಿ, ಸಮಿತಿ ಸಭೆಗೆ ಕಳಿಸದೇ ಇದ್ದರೆ ಮತ್ತೆ ಮಾಲೆ ತೆಗೆದ ಸಂಜೆಯ ಪಾಡೇ ಆಗುತ್ತದೆ. ನಿಮ್ಮೂರಿನಲ್ಲಿ ಆ ಯೋಜನೆಯ ಕೆಲಸ ನೋಡಿಕೊಳ್ಳುವ ಸೇವಾಪ್ರತಿನಿಧಿಯನ್ನು ಕೇಳಿ, ಸಮಿತಿ ಎಲ್ಲಿ ಯಾವಾಗ ಸೇರುತ್ತದೆ ಅಂತ.

ಇದೆಲ್ಲ ನಿಜವಾಗಿ ಕೆಲಸ ಮಾಡುತ್ತಾ ಅಂತ ಓದಿದವರು ಕೇಳುತ್ತಾರೆ. ಕೇಳಬೇಕಾದ್ದೇ. ಚಿಕಿತ್ಸೆಗಳ ಬಗೆಗಿನ ಅಧ್ಯಯನಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2020ರಲ್ಲಿ 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿತು. ಕುಡಿಯುವವರನ್ನು ಕ್ರಮಬದ್ಧವಾಗಿ ಎ.ಎ. ಕಡೆ ನಡೆಸುವ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದ ಹೊತ್ತಿಗೆ 100ಕ್ಕೆ 42 ಜನ ಪೂರ್ತಿ ಬಿಟ್ಟಿದ್ದರು. ಬೇರೆ ಚಿಕಿತ್ಸೆ ಪಡೆದವರಲ್ಲಿ 35. ಎಲ್ಲರೂ ಬಿಡಲಿಲ್ಲ, ನಿಜ. ಆದರೆ ಊರ ಶಾಲೆಯ ಕೋಣೆಯಲ್ಲಿ, ಫೀಸಿಲ್ಲದೆ ನಡೆಯುವ ಒಂದು ಸಭೆಯ ಕಡೆ ಜನರನ್ನು ನಡೆಸುವ ಚಿಕಿತ್ಸೆ, ಬೇರೆ ಚಿಕಿತ್ಸೆಗಳಿಗೆ ಸರಿಸಮ ನಿಲ್ಲುತ್ತದೆ, ಒಂದು ಹೆಜ್ಜೆ ಮುಂದೆಯೂ ಹೋಗುತ್ತದೆ ಅನ್ನುವುದು ಸಣ್ಣ ಮಾತಲ್ಲ.

ಈಗ ನಿಮ್ಮ ಪ್ರಶ್ನೆಗಳು.

ಒಬ್ಬ ಅಜ್ಜಿ ಕೇಳಿದರು: 'ಗೋಡೆ ಮೇಲೆ ಬರೆದಿರ್ತಾರಲ್ಲಮ್ಮ, ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸೋ ಪುಡಿ. ಮಗನಿಗೆ ಹಾಕಲಾ?'

ಬೇಡ ಅಜ್ಜಿ, ಖಂಡಿತ ಬೇಡ. ಅದರಲ್ಲಿ ಏನಿದೆ ಅಂತ ನಿಮಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಕುಡಿದರೆ ಮೈಗೆ ಆಗದ ಹಾಗೆ ಮಾಡುವ ಡೈಸಲ್ಫಿರಾಂ ಅನ್ನುವ ಮಾತ್ರೆ ನಿಜವಾಗಿಯೂ ಇದೆ. ಡಾಕ್ಟರು ಹೇಳಿ, ತೆಗೆದುಕೊಳ್ಳುವವರು ಒಪ್ಪಿ ತೆಗೆದುಕೊಳ್ಳಬೇಕು. ಅದು ಹೊಟ್ಟೆಯಲ್ಲಿರುವುದು ಗೊತ್ತಿಲ್ಲದೆ ಅವನು ಕುಡಿದರೆ ವಾಂತಿ, ಎದೆ ಬಡಿತ, ರಕ್ತದೊತ್ತಡ ಕುಸಿಯುವುದು, ಜೀವಕ್ಕೇ ಅಪಾಯ. ಇನ್ನೂ ಒಂದು ವಿಷಯ. ನೀವು ಬಡಿಸಿದ ಊಟವನ್ನೇ ಅವನು ನಂಬದ ಹಾಗೆ ಆದರೆ, ನಾಳೆ ನಿಮ್ಮ ಮಾತು ಕೇಳಿ ಆಸ್ಪತ್ರೆಗೆ ಬರುತ್ತಾನಾ?

ಒಬ್ಬ ಹುಡುಗ ಕೇಳಿದ: 'ನಾನು ದೇವರನ್ನು ನಂಬಲ್ಲ ಮೇಡಂ. ಅಲ್ಲಿ ಪ್ರಾರ್ಥನೆ ಎಲ್ಲ ಇರುತ್ತಂತೆ?'

ಇರುತ್ತದೆ. ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ. ಆದರೆ ಯಾವ ದೇವರು ಅಂತ ಹೇಳುವುದಿಲ್ಲ, ಅವರವರು ಅರ್ಥ ಮಾಡಿಕೊಂಡ ಹಾಗೆ ಅಂತಲೇ ಬರೆದಿದೆ. ದೇವರನ್ನು ನಂಬದ ಸದಸ್ಯರು ಸಭೆಯನ್ನೇ ತಮಗಿಂತ ದೊಡ್ಡ ಶಕ್ತಿ ಅಂತ ಇಟ್ಟುಕೊಂಡು ಮುಂದೆ ಹೋಗುತ್ತಾರೆ. ಪ್ರಾರ್ಥನೆ ಹೊತ್ತಿನಲ್ಲಿ ಸುಮ್ನೆ ನಿಂತಿರು, ಯಾರೂ ಏನೂ ಅನ್ನಲ್ಲ. ಅಷ್ಟಾದರೂ ಹೊಂದಲಿಲ್ಲ ಅಂದರೆ ಸ್ಮಾರ್ಟ್ ರಿಕವರಿ ಅಂತ ಇನ್ನೊಂದು ಇದೆ, ಅಲ್ಲಿ ದೇವರ ಮಾತಿಲ್ಲ, ಅದರ ಆನ್‌ಲೈನ್ ಸಭೆಗಳೂ ಇವೆ. ದೇವರ ವಿಷಯದಲ್ಲಿ ವಾದ ಮಾಡುತ್ತಾ ಸಭೆ ಮುಂದೂಡಬೇಡಪ್ಪ.

ಕೊನೆಗೆ ಒಬ್ಬಾಕೆ ಕೇಳಿದರು: 'ಅಕ್ಕ, ಎಲ್ಲ ಸರಿ. ಅವರು ಬರೋದೇ ಇಲ್ಲ ಅಂದರೆ?'

ಹಾಗಾದರೆ ನೀವು ಹೋಗಿ. ಕುಡಿಯುವವರ ಮನೆಯವರಿಗೇ ಬೇರೆ ಸಭೆಗಳಿವೆ, ಆಲ್-ಅನಾನ್ ಅಂತ. 1951ರಲ್ಲಿ ಅದನ್ನು ಕಟ್ಟಿದವರಲ್ಲಿ ಒಬ್ಬರು ಆ ಬಿಲ್ ವಿಲ್ಸನ್ ಅವರ ಹೆಂಡತಿ ಲೋಯಿಸ್. ಗಂಡನನ್ನು ಸರಿ ಮಾಡುವುದು ಹೇಗೆ ಅಂತ ಅಲ್ಲಿ ಹೇಳಿಕೊಡುವುದಿಲ್ಲ. ಅವನು ಕುಡಿಯುತ್ತಿದ್ದರೂ ನೀವು ಬದುಕುವುದು ಹೇಗೆ ಅಂತ, ಅದನ್ನು ದಾಟಿದ ಹೆಂಗಸರ ಬಾಯಿಂದಲೇ ಕೇಳುತ್ತೀರಿ. ಎ.ಎ.ಗೆ ಫೋನು ಮಾಡಿದಾಗಲೇ ಇದರ ಬಗ್ಗೆಯೂ ಕೇಳಿ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಮಾತ್ರ ಮೊದಲು ನಿಮ್ಮ, ಮಕ್ಕಳ ಸುರಕ್ಷತೆ ನೋಡಿಕೊಳ್ಳಿ. ಮಹಿಳಾ ಸಹಾಯವಾಣಿ 181.

ಅವರಿಗೆ ಹೇಳುವುದಾದರೆ ಕುಡಿದು ಬಂದ ರಾತ್ರಿ ಹೇಳಬೇಡಿ. ಅದು ಜಗಳಕ್ಕೇ ಮುಗಿಯುತ್ತದೆ. ಬೆಳಗ್ಗೆ ಕಾಫಿ ಕೊಡುವಾಗ ಹೇಳಿ. ಸಭೆಯ ಜಾಗ, ಸಮಯ, ಒಂದು ಫೋನ್ ನಂಬರ್ ಬರೆದ ಚೀಟಿ ಮೊದಲೇ ಸಿದ್ಧ ಇರಲಿ. ಬಿಡಬೇಕು ಅನ್ನುವ ಮನಸ್ಸು ಯಾವ ಬೆಳಗ್ಗೆ ಬರುತ್ತದೋ ಗೊತ್ತಿಲ್ಲ, ಬಂದ ಹೊತ್ತಿಗೆ ನಂಬರ್ ಹುಡುಕುತ್ತಾ ಕೂರುವ ಹಾಗಾಗಬಾರದು. 'ಇವತ್ತು ಆರೂವರೆಗೆ ಇದೆಯಂತೆ, ಗೇಟಿನವರೆಗೆ ನಾನೂ ಬರ್ತೀನಿ' ಅನ್ನಿ. ಬೇಡ ಅಂದರೆ ಚೀಟಿ ಅವರ ಅಂಗಿ ಜೇಬಲ್ಲಿ ಇಟ್ಟು, ಸಂಜೆ ನಿಮ್ಮ ಸಭೆಗೆ ನೀವು ಹೊರಡಿ.